ಗುರುವಾರದ ಗಾಯಾಳು

ನಗುವುದು ಎಂತಕ್ಕೆ ಝೈನಬ್ ಡಾಕ್ಟ್ರೇ? ನಾನಿನ್ನೂ ಸರಿಯಾಗಿ ನರಳಿಯೇ ಇಲ್ಲ. ಓ, ಡಾಕ್ಟ್ರೇ ಅಂದದ್ದಕ್ಕಾ? ಕೊನೇ ವರ್ಷ ಅಲ್ವಾ, ಆದ ಹಾಗೆಯೇ. ಮೊದಲು ಕಾಲು ಕಟ್ಟಿ. ನಿಮಗೆ ಪಾಠ ಮಾಡುವ ಸರ್ ನನಗೆ ಹೇಳಿಕೊಟ್ಟದ್ದು ಇಷ್ಟು: ಈ ಸುಗಂಧಿ ಇವತ್ತು ಕಾಪುವಿನಲ್ಲಿ ಬಸ್ಸಿನಿಂದ ಬಿದ್ದವಳು, ಬಲಗಾಲು ಮುರಿದಿದೆ, ಕಲಿಯುವ ಮಕ್ಕಳು ಮುಟ್ಟಿದರೆ ಬೊಬ್ಬೆ ಹೊಡೆಯಬೇಕು. ಹೊಡೆಯುತ್ತೇನೆ. ಕಳೆದ ಗುರುವಾರ ಪಕ್ಕೆಲುಬು ಮುರಿದಿತ್ತು, ಅದರ ಹಿಂದಿನ ವಾರ ತಲೆ ಒಡೆದಿತ್ತು. ನನ್ನಷ್ಟು ಸಲ ಸತ್ತು ಬದುಕಿದವರು ಈ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಹಾಂ, ಹಲಗೆ ಆ ಕಡೆಯಿಂದ ಬರಲಿ... ನಿಮ್ಮ ಕೈ ಹಗುರ ಉಂಟು. ನಿಮ್ಮ ಕ್ಲಾಸಿನ ಆ ಸಿರಿಲ್ ಕಟ್ಟಿದರೆ ಕಟ್ಟಿಗೆ ಹೊರೆ ಬಿಗಿದ ಹಾಗೆ.

ಯಾಕೆ ಬರುತ್ತೇನೆ ಅಂತಲಾ? ಅಕ್ಕನನ್ನು ಈ ಆಸ್ಪತ್ರೆಯಲ್ಲಿ ಮಲಗಿಸಿದ್ದಾಗ ಸರ್ ಕೇಳಿದ್ದು, ಮಕ್ಕಳಿಗೆ ಕಲಿಯಲಿಕ್ಕೆ ಸುಮ್ಮನೆ ರೋಗಿಯಾಗುತ್ತೀರಾ ಅಂತ. ಅಕ್ಕ ತೀರಿಹೋದಳು. ನಾನು ಬರುವುದು ಬಿಡಲಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದೆವು, ಮಾತಿಗೆ ಕೊನೆಯೇ ಇರಲಿಲ್ಲ. ಈಗ ಶಂಕರಪುರದಲ್ಲಿ ನನ್ನ ಹತ್ತಿರ ಯಾರು ಬಂದರೂ ಒಂದೇ ಪ್ರಶ್ನೆ, ಹೂ ಆಯಿತಾ? ಒಬ್ಬಳೇ ಇದ್ದು ಇದ್ದು ಸಾಕಾಗಿದೆ ಡಾಕ್ಟ್ರೇ. ಇಲ್ಲಿ ನೀವು ಕೇಳುತ್ತೀರಿ... ಎಲ್ಲಿ ನೋವು, ಉಸಿರಾಡಲಿಕ್ಕೆ ಆಗುತ್ತದಾ, ಹೆದರಬೇಡಿ ನಾವಿದ್ದೇವೆ. ಪಾಠಕ್ಕೇ ಇರಲಿ ಮಾರಾಯ್ತಿ, ಕೇಳುತ್ತೀರಿ ಅಲ್ವಾ.

ಅಯ್ಯಮ್ಮಾ... ಅಲ್ಲ, ಅಲ್ಲ, ಅದು ಕಾಲಿಗೆ ಅಂದದ್ದು. ನನ್ನ ಕೈ ಬಿಡಿ. ಎಂತ? ತಲೆಯಿಂದ ಪಾದದವರೆಗೆ ನೋಡಬೇಕಾ? ರೋಗಿ ತೋರಿಸಿದ ಗಾಯವನ್ನೇ ನಂಬಿ ಉಳಿದದ್ದು ಬಿಡಬಾರದು ಅಂತ ಸರ್ ಹೇಳಿದ್ದಾ? ಅದು ನಿಜದ ರೋಗಿಗಳಿಗೆ. ಸೆರಗು ಸರಿಸಬೇಡಿ... ಬಳೆ ಬಿಗಿಯಾಗಿ ಸ್ವಲ್ಪ ಬಾತಿದೆ, ಅಷ್ಟೇ.

ಬೆರಳು ಮಡಚಲಾ? ಅದಕ್ಕೇನು... ಇವತ್ತು ಬೇಡ. ಇವತ್ತಿನ ಪಾಠ ಕಾಲು.

ಸೆರಗು ಸರಿಸಿಯೇಬಿಟ್ಟಿರಾ? ಝೈನಬ್? ಹಾಗೆ ನೋಡಬೇಡಿ. ಬೈಯಿರಿ ಬೇಕಾದರೆ...

ಭಾನುವಾರ. ಬಾವಿಕಟ್ಟೆಯಲ್ಲಿ ಜಾರಿ ಈ ಕೈ ಮೇಲೆಯೇ ಬಿದ್ದೆ. ಹೂ ಕೇಳಿ ಬಂದವರ ಹತ್ತಿರ ನನಗೆ ಜ್ವರ ಅಂದಿದ್ದೇನೆ. ಡಾಕ್ಟರು ಇಲ್ಲ ಅಂತಲ್ಲ, ಶಿರ್ವಕ್ಕೆ ಹೋದರೆ ಅಂದೇ ಪ್ಲಾಸ್ಟರ್ ಹಾಕುತ್ತಿದ್ದರು. ಪ್ಲಾಸ್ಟರ್ ಹಾಕಿಕೊಂಡು ಬಂದವಳನ್ನು ನೀವು ಈ ಮಂಚದಲ್ಲಿ ಮಲಗಿಸುತ್ತಿದ್ದಿರಾ? ಗುಣವಾಗಲಿ, ಮತ್ತೆ ನೋಡುವ ಅನ್ನುತ್ತಿದ್ದರು ಸರ್. ಅಷ್ಟರಲ್ಲಿ ನಿಮ್ಮ ಪರೀಕ್ಷೆ ಮುಗಿದು ನೀವು ಹೋಗಿಯಾಗುತ್ತದೆ.

ಸರ್ ಅವರನ್ನು ಕರೆಯುತ್ತೀರಿ, ಗೊತ್ತುಂಟು. ಕರೆಯಲೇಬೇಕು. ಆದರೆ ಮಗಳೇ, ಮೊದಲು ಆ ಕಾಲು ಕಟ್ಟಿ ಮುಗಿಸಿ. ನಿಧಾನಕ್ಕೆ ಕಟ್ಟಿ.