ಬಾಗಿಲ ಹೊರಗಿನ ಬೂಟು

ನವಿ ಮುಂಬಯಿಯ ವಾಶಿ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಕನ್ನಡ ಕೇಳಿದ್ದೇ ನಾಗವೇಣಿಯ ಕಿವಿ ನೆಟ್ಟಗಾಯಿತು. ಮುಂದೆ ಬೀದರ ಕಡೆಯ ಹೆಂಗಸರಿಬ್ಬರು ನಿಂತಿದ್ದರು.

"ಚಂದ್ರಬಾಯಿ, ನಿನ್ನ ಮಗ ಕೆಲಸ ಮಾಡೋ ಕ್ರೂಸ್ ಹಡಗಿನ್ಯಾಗ ಚರ್ಚ್ ಅದನ?"

"ಎಲ್ಲೀದಕ್ಕಾ? ಆಯ್ತಾರ ನಾಟಕದ ಹಾಲಿನ್ಯಾಗೇ ಪ್ರಾರ್ಥನಿ. ಮೊದಲ ದಿನ ಇವ ನಮ್ಮ ತುರ್ಭೆ ಚರ್ಚಿನಂಗ ಬೂಟು ಬಾಗಿಲ ಹೊರಗ ಬಿಟ್ಟು ಹೋಗ್ಯಾನ."

"ಅಲ್ಲಿಯವರು ಬೂಟು ಹಾಕ್ಕೊಂಡೇ ಒಳಗ ಹೋಗ್ತಾರೇನ?"

"ಹೂಂ. ಎಲ್ಲಾರೂ ನಕ್ಕರಂತ. ಇನ್ನ ಹೋಗಂಗಿಲ್ಲವ್ವಾ ಅಂತ ಫೋನಿನ್ಯಾಗ ಅತ್ತ."

"ನೀ ಏನಂದಿ?"

"ಹೋಗು, ಬೂಟೂ ಹೊರಗೇ ಬಿಡು ಅಂದೆ."

"ಮತ್ತ ಈ ಆಯ್ತಾರ?"

"ಫೋಟೋ ಕಳಿಸ್ಯಾನ, ನೋಡು."

ನಾಗವೇಣಿಯೂ ಇಣುಕಿದಳು. ಮುಚ್ಚಿದ ಬಾಗಿಲ ಹೊರಗೆ ಹದಿನಾಲ್ಕು ಜೋಡಿ ಬೂಟು, ಕೊನೆಗೊಂದು ಜೋಡಿ ಕೆಂಪು ಹೈಹೀಲ್ಸ್.

ಟಿಕೆಟ್ ಕೈಗೆ ಬಂದದ್ದೇ ಆ ಹೆಂಗಸರಿಬ್ಬರೂ ಪನ್ವೇಲ್ ಲೋಕಲ್ಲಿಗೆ ಓಡಿದರು.