ಏಣಿಯನ್ನು ಮಲಗಿಸಿ ಒಯ್ಯಬೇಕು

ಈ ಸಭೆಯ ಅಧ್ಯಕ್ಷರೂ ನಮ್ಮ ಬೆಳೆಗಾರರ ಸಂಘದ ಹಿರಿಯರೂ ಆದ ಚನ್ನಬಸವಯ್ಯನವರೇ, ಈಗಷ್ಟೇ ಬಿಡುಗಡೆಯಾದ ‘ಕೊನೆಯ ಬಳ್ಳಿ’ ಕಾದಂಬರಿಯನ್ನು ಬರೆದ ನನ್ನ ಬಾಲ್ಯದ ಗೆಳತಿ ರೂಪಶ್ರೀ ಅವರೇ, ಕಣದಲ್ಲಿ ಮೆಣಸು ಹರವಿ, ಆಕಾಶವನ್ನು ನೋಡುತ್ತ ನೋಡುತ್ತಲೇ ಆಲ್ದೂರಿಗೆ ಬಂದಿರುವ ಸಭಿಕರೇ,

ಅಧ್ಯಕ್ಷರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಪುಸ್ತಕದ ಬಗ್ಗೆ ಮಾತನಾಡಲು ಈ ಪ್ರಶಾಂತನಿಗೆ ಏನು ಯೋಗ್ಯತೆ ಇದೆ? ಈ ಪ್ರಶ್ನೆಯನ್ನು ಬೆಳಿಗ್ಗೆ ನನ್ನ ಹೆಂಡತಿಯೂ ಕೇಳಿದಳು. ನಾನು ಪೂರ್ತಿಯಾಗಿ ಓದುವುದು ಔಷಧಿ ಡಬ್ಬಿಯ ಮೇಲಿನ ಚೀಟಿಯನ್ನು ಮಾತ್ರ, ಅದೂ ಕನ್ನಡಕ ಸಿಕ್ಕಿದ ದಿನ. ಅಂಥವನು ಈ ಇನ್ನೂರ ಹದಿನಾರು ಪುಟಗಳನ್ನು ಮೂರು ಸಲ ಓದಿದ್ದೇನೆ. ಭಾಷಣವನ್ನೂ ಬರೆದುಕೊಂಡು ಬಂದಿದ್ದೇನೆ. ಸಂಘದವರು ಎರಡು ಸಲ ಕರೆದಾಗ ನಾನು ಒಪ್ಪಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಇದು ಮೂವರು ಗೆಳೆಯರ ಕಥೆ. ವಸ್ತಾರೆಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ದೊಡ್ಡವರಾದ ಮೇಲೆ ಅಕ್ಕಪಕ್ಕದಲ್ಲೇ ಎರಡು ಮೂರು ಎಕರೆ ತೋಟ ಮಾಡಿಕೊಂಡವರು. ಆ ಮೂವರು ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು. ರೂಪಶ್ರೀ, ನಾನು, ಮತ್ತು ಒಂಬತ್ತು ವರ್ಷಗಳ ಹಿಂದೆ ನಮ್ಮನ್ನು ಬಿಟ್ಟುಹೋದ ನಂದನ್. ಮರಗಳಿಗೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯಲು ನಾವು ಕೂಲಿಯವರನ್ನು ಕರೆದವರಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಇಂದು ನನ್ನ ತೋಟಕ್ಕೆ ಅವರಿಬ್ಬರು, ನಾಳೆ ಅವರ ತೋಟಕ್ಕೆ ನಾನು. ಊಟ ಮಾತ್ರ ಯಾವಾಗಲೂ ನಂದನ್ ಮನೆಯದು, ಏಕೆಂದರೆ ಅವನ ಹೆಂಡತಿ ಧನ್ಯಾ ಅವರ ಕೈಯಡುಗೆ ತಿಂದ ಮೇಲೆ ನಮ್ಮ ಮನೆಯದನ್ನು ತಿನ್ನಲು ಧೈರ್ಯ ಬೇಕಿತ್ತು. ಇದನ್ನು ನನ್ನ ಹೆಂಡತಿಯ ಮುಂದೆಯೇ ಹೇಳುತ್ತಿದ್ದೇನೆ.

ರೂಪಶ್ರೀ ಎಂಥ ಬರಹಗಾರ್ತಿ! ನಂದನ್ ಮರ ಹತ್ತುವ ಮುಂಚೆ ಚಪ್ಪಲಿಗಳನ್ನು ಬುಡದಲ್ಲಿ ಜೋಡಿಸಿ ಇಡುತ್ತಿದ್ದ, ದೇವಸ್ಥಾನದ ಮುಂದೆ ಇಡುವ ಹಾಗೆ. ನಾನು ಅದನ್ನು ಮರೆತೇಬಿಟ್ಟಿದ್ದೆ. ಇವಳು ಮರೆತಿಲ್ಲ. ಕಾಯಿಗಳ ನಡುವೆ ಒಂದೊಂದು ಹಣ್ಣು ಕೆಂಪಾದಾಗ ಮೊದಲು ಹಕ್ಕಿಗೆ ತಿಳಿಯುತ್ತದೆ, ಆಮೇಲೆ ನಂದನ್‌ಗೆ, ಕೊನೆಗೆ ತೋಟದ ಯಜಮಾನನಿಗೆ ಎಂದು ಬರೆದಿದ್ದಾಳೆ. ಆ ಯಜಮಾನ ನಾನು. ನನ್ನನ್ನು ಇಷ್ಟು ಪ್ರೀತಿಯಿಂದ ಯಾರೂ ಬೈದಿಲ್ಲ.

ಇನ್ನು ಏಣಿಯ ವಿಷಯ. ಮೂವರೂ ಸೇರಿ ಒಂದು ಅಲ್ಯೂಮಿನಿಯಂ ಏಣಿ ತಂದಿದ್ದೆವು. ಬಿದಿರಿನದಕ್ಕಿಂತ ಎಷ್ಟು ಹಗುರ! ಅದರ ಜೊತೆಗೆ ಒಂದು ನಿಯಮವನ್ನೂ ನಂದನ್ ತಂದ. ಮರದಿಂದ ಮರಕ್ಕೆ ಹೋಗುವಾಗ ಏಣಿಯನ್ನು ಮಲಗಿಸಬೇಕು, ಇಬ್ಬರು ಎರಡು ತುದಿ ಹಿಡಿದು ಒಯ್ಯಬೇಕು. ತೋಟದ ಮೇಲೆ ಕರೆಂಟಿನ ತಂತಿ ಹಾದುಹೋಗಿದೆಯಲ್ಲ, ಅದಕ್ಕೆ. ಸಭಿಕರೇ, ನಿಮ್ಮಲ್ಲಿ ಎಷ್ಟು ಜನ ಹಾಗೆ ಮಲಗಿಸಿ ಒಯ್ಯುತ್ತೀರಿ? ಕೈ ಎತ್ತುವುದು ಬೇಡ. ಕಾರಣ ನನಗೂ ಗೊತ್ತು. ಮೆಣಸು ಕೊಯ್ಯುವ ಕಾಲಕ್ಕೆ ಕೆಳಗೆ ಕಾಫಿ ಗಿಡದಲ್ಲಿ ಮೊಗ್ಗು ನಿಂತಿರುತ್ತದೆ, ಒಂದು ಮಳೆಗೆ ಕಾಯುತ್ತ. ಮಲಗಿಸಿದ ಏಣಿ ಗಿಡದ ನಡುವೆ ಹೋದರೆ ಸಾಲಿಗೆ ಸಾಲೇ ಮೊಗ್ಗು ಉದುರುತ್ತದೆ. ಬೆಳೆಗಾರನ ಹೊಟ್ಟೆ ಉರಿಯುತ್ತದೆ.

ಅವತ್ತು ಮುಯ್ಯಾಳು ನನ್ನ ತೋಟದಲ್ಲಿ. ಊಟದ ಹೊತ್ತಾಗಿತ್ತು. ಬೇಲಿಯ ಅಂಚಿನ ಒಂದು ಸಿಲ್ವರ್ ಓಕ್ ಮರ ಮಾತ್ರ ಉಳಿದಿತ್ತು. ನಂದನ್ ಒಬ್ಬನೇ ಏಣಿಯನ್ನು ನಿಲ್ಲಿಸಿಕೊಂಡೇ ಒಯ್ದ. ತುದಿ ತಂತಿಗೆ ತಾಗಿತು. ಮುಂದಿನದನ್ನು ರೂಪಶ್ರೀ ಬರೆದಿಲ್ಲ. ಒಂದು ಜೊತೆ ಚಪ್ಪಲಿ ಹಿಂದಿನ ಮರದ ಬುಡದಲ್ಲೇ ಉಳಿಯಿತು ಎಂದಷ್ಟೇ ಬರೆದಿದ್ದಾಳೆ. ಆ ಪುಟವನ್ನು ಓದಿ ನಾನು ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ.

ಆಮೇಲೆ ಯಾರ ಬದುಕೂ ಮೊದಲಿನ ಹಾಗೆ ಇರಲಿಲ್ಲ. ಧನ್ಯಾ ಅವರು ಒಬ್ಬರೇ ತೋಟ ನಿಭಾಯಿಸಿದರು. ಅವರ ಜೊತೆಗೆ ರೂಪಶ್ರೀ ನಿಂತಳು. ಸಂತೆಗೂ ಆಸ್ಪತ್ರೆಗೂ ಒಬ್ಬರನ್ನು ಬಿಟ್ಟು ಒಬ್ಬರು ಹೋದದ್ದಿಲ್ಲ. ನಾನು ನನ್ನ ತೋಟದ ಬಳ್ಳಿಗಳನ್ನೆಲ್ಲ ಬುಡಕ್ಕೆ ಕತ್ತರಿಸಿದೆ. ಸೊರಗು ರೋಗ ಬಂತು ಎಂದು ನಿಮಗೆಲ್ಲ ಹೇಳಿದ್ದೆ. ಅಧ್ಯಕ್ಷರೇ, ನೀವು ಪಾಪ ಔಷಧಿಯನ್ನೂ ಕಳಿಸಿಕೊಟ್ಟಿರಿ. ರೋಗ ಬಂದಿರಲಿಲ್ಲ.

ಇದು ಬರೆದುಕೊಂಡು ಬಂದದ್ದರಲ್ಲಿ ಇಲ್ಲ. ಇರಲಿ, ಚೀಟಿಯನ್ನು ಜೇಬಿಗೆ ಹಾಕುತ್ತೇನೆ.

ಇಷ್ಟು ಒಳ್ಳೆಯ ಪುಸ್ತಕದಲ್ಲಿ ಒಂದೇ ಒಂದು ತಪ್ಪಿದೆ. ನೂರ ನಲವತ್ತಮೂರನೆಯ ಪುಟ. ನಂದನ್ ಏಣಿಯನ್ನು ಮಲಗಿಸಲು ಹೊರಟಾಗ ಒಬ್ಬರು ಬೇಡ ಎಂದು ಹೇಳಿ ಅವನನ್ನು ತಡೆಯುತ್ತಾರೆ. ಆ ಮಾತನ್ನು ಕಥೆ ಹೇಳುವ ಹೆಂಗಸು ಆಡಿದಳು ಎಂದಿದೆ. ಆ ಹೆಂಗಸು ರೂಪಶ್ರೀಯೇ ಎಂದು ಓದಿದ ಯಾರಿಗಾದರೂ ತಿಳಿಯುತ್ತದೆ. ಧನ್ಯಾ ಅವರಿಗೂ ತಿಳಿಯಿತು. ಹೋದ ತಿಂಗಳು ಮೊದಲ ಪ್ರತಿ ಅವರ ಕೈಗೇ ಹೋಗಿತ್ತು. ಅಂದಿನಿಂದ ಅವರು ರೂಪಶ್ರೀಯ ಮನೆಯ ಮೆಟ್ಟಿಲು ಹತ್ತಿಲ್ಲ. ಸಂತೆಯಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡಾಗಲೇ ನನಗೆ ಗೊತ್ತಾಯಿತು. ಮೂರನೆಯ ಸಲ ಸಂಘದವರು ಕರೆದಾಗ ಒಪ್ಪಿಕೊಂಡದ್ದು ಅದಕ್ಕೇ.

ನಾನು ರೂಪಶ್ರೀಯ ಮನೆಗೆ ಹೋಗಿ ಯಾಕೆ ಹೀಗೆ ಬರೆದೆ ಎಂದು ಕೇಳಿದೆ. ಅವಳು ಮೊರದಲ್ಲಿ ಮೆಣಸು ಕೇರುತ್ತಿದ್ದಳು. ತಲೆ ಎತ್ತದೆ ಹೇಳಿದಳು, “ಆ ಮಾತು ಬಿಟ್ರೆ ಕಥೆ ಸುಳ್ಳಾಗ್ತದೆ ಮಾರಾಯ. ನಿನ್ ಬಾಯಲ್ಲಿ ಹಾಕಕ್ಕೆ ನಂಗೆ ಕೈ ಬರ್ಲಿಲ್ಲ.”

ಸಭಿಕರೇ, ಆ ಮಾತು ನನ್ನದು. “ಮಲಗ್ಸಿದ್ರೆ ಮೊಗ್ಗೆಲ್ಲ ಉದುರ್ತದೆ. ಒಂದೇ ಮರ ಅಲ್ವಾ, ನಿಲ್ಸ್ಕೊಂಡೇ ಬಾ ಮಾರಾಯ.” ನನ್ನ ತೋಟ, ನನ್ನ ಮೊಗ್ಗು, ನನ್ನ ಮಾತು. ರೂಪಶ್ರೀ ಹತ್ತು ಮಾರು ದೂರದಲ್ಲಿ ಚೀಲಕ್ಕೆ ಮೆಣಸು ತುಂಬುತ್ತ ಕೇಳಿಸಿಕೊಂಡಳು. ಅವನು ಯಾವಾಗ ಏಣಿ ತೆಗೆದನೋ ನಾನು ನೋಡಲಿಲ್ಲ ಎಂದು ಧನ್ಯಾ ಅವರಿಗೆ ನಾನು ಹೇಳಿದೆ. ಒಂಬತ್ತು ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ಇವಳು ಒಂದು ದಿನವೂ ಬಾಯಿ ಬಿಡಲಿಲ್ಲ. ಆ ವರ್ಷ ನನ್ನ ತೋಟದಲ್ಲಿ ಹೂವು ಚೆನ್ನಾಗಿ ಬಂತು. ನೋಡಲಾಗಲಿಲ್ಲ.

ಧನ್ಯಾ ಅವರೇ, ನೀವು ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿದ್ದೀರಿ. ಕರೆದದ್ದಕ್ಕೆ ಬಂದಿದ್ದೀರಿ, ಅದು ನಿಮ್ಮ ದೊಡ್ಡತನ. ನಿಮ್ಮ ಸಿಟ್ಟು ನ್ಯಾಯವಾದದ್ದು, ಅದು ಬರಬೇಕಾದ ಮನೆ ಮಾತ್ರ ನನ್ನದು. ಕ್ಷಮಿಸಿ ಎಂದು ಇಷ್ಟು ಜನರ ಮುಂದೆ ಕೇಳುವುದಿಲ್ಲ. ಹಾಗೆ ಕೇಳಿದರೆ ನಿಮಗೆ ಇಲ್ಲ ಎನ್ನಲು ಕಷ್ಟವಾಗುತ್ತದೆ. ನಾಳೆ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಅಧ್ಯಕ್ಷರೇ, ಹತ್ತು ನಿಮಿಷ ಮೀರಿದೆ, ಸಹಿಸಿಕೊಂಡಿರಿ. ಕರೆದ ಸಂಘಕ್ಕೂ ಕೇಳಿದ ನಿಮಗೂ ಕೃತಜ್ಞತೆಗಳು. ನಾನು ಇಲ್ಲಿಂದ ಹಾಗೆಯೇ ಕೆಳಗೆ ಇಳಿದು ಕೊನೆಯ ಸಾಲಿಗೆ ಹೋಗುತ್ತೇನೆ. ವೇದಿಕೆಯ ಮೇಲೆ ರೂಪಶ್ರೀಯ ಪಕ್ಕದಲ್ಲಿ ನನಗೆಂದು ಹಾಕಿದ ಕುರ್ಚಿ ಖಾಲಿ ಇದೆ. ಧನ್ಯಾ ಅವರೇ, ಅದು ನಿಮ್ಮದು. ನಮಸ್ಕಾರ.