ಸಣ್ಣ ಕಲ್ಲು ಕೆಳಗೆ, ದೊಡ್ಡ ಕಲ್ಲು ಮೇಲೆ

...ಕಲ್ಲಿನ ಗೋಡೆ ಅನ್ನುವುದು ಒಂದಲ್ಲ, ಎರಡು ಎಂದು ಯಾರೋ ಹೇಳಿದ್ದರು. ಕಲ್ಲು ಕೊಟ್ಟವರೋ, ಸುಣ್ಣ ಮಾರುವವರೋ, ಈಗ ನೆನಪಾಗುತ್ತಿಲ್ಲ. ಹೊರಮೈ ಒಂದು ಗೋಡೆ, ಒಳಮೈ ಇನ್ನೊಂದು, ನಡುವೆ ತುಂಬಿದ ಕಲ್ಲಿನ ಚಕ್ಕೆ. ಅದರ ಮುಂದೆಯೂ ಅವರು ಏನೋ ಹೇಳಿದ್ದರು. ಕ್ಷಮಿಸಿ. ವೇದಿಕೆಯ ಮೆಟ್ಟಿಲು ಹತ್ತುವಾಗ ಅದೇ ತಲೆಯಲ್ಲಿತ್ತು, ಬಾಯಿಗೂ ಅದೇ ಮೊದಲು ಬಂತು.

ಸಭೆಯ ಅಧ್ಯಕ್ಷರೇ, ಗೃಹನಿರ್ಮಾಣಕಾರರ ಸಂಘದ ಪದಾಧಿಕಾರಿಗಳೇ, ನಮ್ಮ ಮನೆಯನ್ನು ಒಳಗೂ ಹೊರಗೂ ತಟ್ಟಿ ನೋಡಿದ ಎಂಜಿನಿಯರ್ ಅವರೇ, ಊಟಕ್ಕೆ ಮುಂಚೆ ಇದೊಂದೇ ಭಾಷಣ ಬಾಕಿ ಎಂದು ತಾಳ್ಮೆಯಿಂದ ಕುಳಿತಿರುವ ಸಭಿಕರೇ, ಎಲ್ಲರಿಗೂ ವಂದನೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಅಲ್ಲಿ ಮಾತು ಕಡಿಮೆ. ಆದ್ದರಿಂದ ಭಾಷಣ ಎಲ್ಲಿಗಾದರೂ ಹೋದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ, "ಒಂದು ಚಮಚ ಸಿಮೆಂಟೂ ಮುಟ್ಟದೆ ಮನೆ ಕಟ್ಟಿದ ಕುಟುಂಬ" ಎಂದರು. ಸಿಮೆಂಟ್ ವ್ಯಾಪಾರಿಗಳು ಮುಂದಿನ ಸಾಲಿನಲ್ಲೇ ಕುಳಿತಿರುವಾಗ ಇದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ಅದು ಪೂರ್ತಿ ನಿಜವೂ ಅಲ್ಲ. ಆ ವಿಷಯಕ್ಕೆ ಬರುತ್ತೇನೆ.

ಸನ್ಮಾನದ ಫಲಕ ಕೊಟ್ಟ ಮೇಲೆ ಅಧ್ಯಕ್ಷರು ಇನ್ನೊಂದು ಮಾತು ಹೇಳಿದರು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಬಿರುಕು ಬಿಟ್ಟಿರುವ ನಮ್ಮ ಪೂರ್ವದ ಗೋಡೆಯನ್ನು ಸಂಘದವರೇ ಬುನಾದಿಯವರೆಗೆ ಕೆಡವಿ, ಕಾಸಿಲ್ಲದೆ ಹೊಸದಾಗಿ ಕಟ್ಟಿಕೊಡುತ್ತಾರಂತೆ. ಸೋಮವಾರ ಕೆಲಸಗಾರರು ಬರುತ್ತಾರಂತೆ. ನಮಗೆ ಇದನ್ನು ಮುಂಚೆಯೇ ತಿಳಿಸಿದ್ದರು. ನಾನು ಇಲ್ಲಿಂದ 'ಆಗಲಿ' ಎನ್ನಬೇಕು. ಅಷ್ಟೇ. ಒಂದು ಪದ. ಅದನ್ನು ಮೊದಲೇ ಹೇಳಿ ಕುಳಿತುಬಿಡಬಹುದಿತ್ತು. ಏಕೆ ಹೇಳಲಿಲ್ಲ? ಅದನ್ನೇ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೇನೆ.

ನಮ್ಮ ಮನೆಯವರು ಪ್ರೆಸ್ಸಿನಲ್ಲಿ ಪುಸ್ತಕದ ಬೈಂಡಿಂಗ್ ಕೆಲಸದವರು. ಅಂಚು ಸಮ ಇಲ್ಲದ ಪುಸ್ತಕ ಕಂಡರೆ ಊಟ ಸೇರದ ಮನುಷ್ಯ. ಹಳೆಯ ಗೋದಾಮೊಂದನ್ನು ಕೆಡವುತ್ತಿದ್ದಾಗ ಅದರ ಕಲ್ಲು, ತೊಲೆ, ಜಂತೆ ಎಲ್ಲ ನಮಗೆ ಅಗ್ಗಕ್ಕೆ ಸಿಕ್ಕಿತು. ಇಳಿಜಾರಿನ ಒಂದು ಸಣ್ಣ ಜಾಗ ಇತ್ತು. ನಾವೇ ಕಟ್ಟೋಣ ಎಂದರು. ಪಕ್ಕದಲ್ಲಿ ತಗಡಿನ ಶೆಡ್ ಹಾಕಿ, ಅದರಲ್ಲೇ ಇದ್ದುಕೊಂಡು ಶುರು ಮಾಡಿದೆವು. ಅಂಗಡಿ ಮುಚ್ಚಿದ ಮೇಲೆ, ರಜೆಯ ದಿನಗಳಲ್ಲಿ, ಕೈಗೆ ಸಿಕ್ಕ ಹೊತ್ತಿನಲ್ಲಿ.

ಅವರೇ ಒಂದು ನಿಯಮ ಮಾಡಿದರು. ಅವರವರ ಗೋಡೆ ಅವರವರದು. ಕೇಳಿದರೆ ಮಾತ್ರ ಹೇಳಬೇಕು, ಕೇಳದೆ ಕೈ ಹಾಕಬಾರದು. ಉತ್ತರ, ದಕ್ಷಿಣ ಅವರಿಗೆ. ಪಶ್ಚಿಮ ನನಗೆ. ಪೂರ್ವದ್ದು ಮಗಳಿಗೆ. ಅತ್ತೆ ಚಿಕ್ಕ ಮಣೆಯ ಮೇಲೆ ಕುಳಿತು ಗೋಡೆಯ ನಡುವೆ ತುಂಬುವ ಚಕ್ಕೆಗಳನ್ನು ಆರಿಸುತ್ತಿದ್ದರು, ಅಕ್ಕಿ ಆರಿಸಿದ ಹಾಗೆ.

ಮಗಳು ಆಗ ಶಾಲೆಯ ಹುಡುಗಿ. ಅವಳ ಕೈಯಲ್ಲಿ ಎಷ್ಟು ದೊಡ್ಡ ಕಲ್ಲು ಎತ್ತಲಾಗುತ್ತದೆ ಹೇಳಿ. ತೆಂಗಿನಕಾಯಿಯಷ್ಟು ದೊಡ್ಡದು. ಅಂಥವನ್ನೇ ಇಟ್ಟಳು. ವರ್ಷ ಕಳೆದ ಹಾಗೆ ತೋಳು ಬಲಿತವು, ಕಲ್ಲೂ ದೊಡ್ಡವಾದವು. ನಿಮಗೆಲ್ಲ ಗೊತ್ತಿರುವ ಹಾಗೆ ಗೋಡೆಗೆ ದೊಡ್ಡ ಕಲ್ಲು ಕೆಳಗೆ ಬರಬೇಕು, ಸಣ್ಣದು ಮೇಲೆ. ನಮ್ಮ ಪೂರ್ವದ ಗೋಡೆ ತಲೆಕೆಳಗಾಗಿ ಬೆಳೆಯಿತು. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರವನ್ನು ಬಾಗಿಲ ಪಕ್ಕ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ನಮ್ಮಲ್ಲಿ ಅದರ ಅಗತ್ಯ ಬೀಳಲಿಲ್ಲ.

ತಪ್ಪು ಎಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ. ನಿಯಮ ಎಂದರೆ ನಿಯಮ.

ಅವಳ ಕೆಲಸ ನಿಧಾನ. ಒಂದು ಕಲ್ಲನ್ನು ಹತ್ತು ಸಲ ತಿರುಗಿಸಿ ನೋಡುವಳು. ಕಲ್ಲಿಗೆ ಮುಖ ಯಾವುದು ಬೆನ್ನು ಯಾವುದು ಎಂದು ಕೇಳಿಕೊಂಡು ಕೂರುವಳು. ಅತ್ತೆ ರೇಗಿಸುತ್ತಿದ್ದರು, "ನಿನ್ನ ಗೋಡೆ ಮುಗಿಯೋ ಹೊತ್ತಿಗೆ ನಂಗೆ ಹೊಸ ಹಲ್ಲು ಬರುತ್ತೆ ಕಣೆ."

"ಬಂದ್ರೆ ಕೊಡಜ್ಜಿ, ಅದನ್ನೂ ತುಂಬ್ತೀನಿ. ಚಕ್ಕೆ ಸಾಲ್ತಿಲ್ಲ."

"ಬೊಚ್ಚುಬಾಯಿಯವಳ ಹತ್ರ ಹಲ್ಲು ಸಾಲ ಕೇಳ್ತಾಳೆ ನೋಡು ಇವಳು."

ನೀವು ನಗುತ್ತಿದ್ದೀರಿ. ನಾವೂ ನಗುತ್ತಿದ್ದೆವು. ಆ ತಗಡಿನ ಶೆಡ್ಡಿನಲ್ಲಿ ನಾವು ನಾಲ್ಕು ಜನ ನಕ್ಕಷ್ಟು ಆಮೇಲೆ ಮನೆಯೊಳಗೆ ನಗಲಿಲ್ಲ. ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು.

ಮುಂದೆ ಮೂರು ಗೋಡೆಗಳು ತೊಲೆಯ ಮಟ್ಟಕ್ಕೆ ಬಂದು ನಿಂತವು. ಮಗಳ ಗೋಡೆ ಕಿಟಕಿಯನ್ನು ದಾಟಿ ಸ್ವಲ್ಪ ಮೇಲೆ ಬಂದಿತ್ತು. ಟಾರ್ಪಾಲಿನ ಕೆಳಗೆ ಮರ ಕಾಯುತ್ತಿತ್ತು, ಗೆದ್ದಲು ಹತ್ತಲು ಶುರುವಾಗಿತ್ತು. ಸಾಲದ್ದಕ್ಕೆ ಅವಳ ಗೋಡೆ ಮೇಲ್ಭಾಗದಲ್ಲಿ ಹೊಟ್ಟೆ ಬಿಟ್ಟಿತ್ತು. ತೂಗುಗುಂಡು ಬಿಟ್ಟರೆ ಸಾಕು, ಕಲ್ಲುಗಳು ಹೊರಗೆ ಬಂದಿದ್ದು ಕಾಣುತ್ತಿತ್ತು. ಅವಳು ಪರೀಕ್ಷೆಗೆಂದು ಬೇರೆ ಊರಿಗೆ ಹೋದಳು. ನಮ್ಮ ಮನೆಯವರು ಪ್ರೆಸ್ಸಿಗೆ ರಜೆ ಹಾಕಿದರು. ಹೊಟ್ಟೆ ಬಿಟ್ಟ ಭಾಗವನ್ನು ಕಿಟಕಿಯ ಮಟ್ಟದವರೆಗೆ ಇಳಿಸಿ, ತಾವೇ ಮತ್ತೆ ಕಟ್ಟಿದರು. ಅದುವರೆಗೆ ಎಲ್ಲ ಸುಣ್ಣದ ಗಾರೆಯಲ್ಲೇ ಕಟ್ಟಿದ್ದು, ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಅವಳು ಬರುವುದರೊಳಗೆ ಮುಗಿಯಬೇಕೆಂದು ಸಿಮೆಂಟ್ ತಂದರು. ಇದೇ ನೋಡಿ ಅಧ್ಯಕ್ಷರೇ, ನೀವು ಹೇಳಿದ ಆ ಒಂದು ಚಮಚ.

ಅವರು ಕೆಟ್ಟದ್ದನ್ನು ಮಾಡಿದರೇ? "ನಾಳೆ ಯಾರ ತಲೆ ಮೇಲಾದ್ರೂ ಬಿದ್ರೆ ಏನು ಮಾಡ್ತೀಯ, ಅವಳ ತಲೆ ಮೇಲೇ ಬಿದ್ರೆ?" ಎಂದು ಕೇಳಿದರು. ತಪ್ಪು ಯಾರದ್ದಾದರೂ ಆಗಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನಿಸಿದೆ. ಬೈದು ಹಗುರಾಗಬಹುದಿತ್ತು.

ಅವಳು ಬಂದಳು. ಬ್ಯಾಗು ಹೆಗಲಲ್ಲೇ ಇತ್ತು. ಗೋಡೆಯ ಮುಂದೆ ನಿಂತಳು. ಹೊಸ ಕಲ್ಲುಗಳ ಸಾಲು ಒಂದೇ ನೇರ, ಬೈಂಡ್ ಮಾಡಿದ ಪುಸ್ತಕದ ಅಂಚಿನ ಹಾಗೆ. ಅಂಗೈ ಇಟ್ಟು ನೋಡಿದಳು.

"ಚೆನ್ನಾಗಿ ಬಂದಿದೆ ಅಪ್ಪ," ಎಂದಳು. "ನೀವು ಕಷ್ಟಪಟ್ಟಿದ್ದೀರ."

ಅವರಿಗೆ ಖುಷಿಯೋ ಖುಷಿ. ಅಂದು ಸಂಜೆಯೆಲ್ಲ ಶಿಳ್ಳೆ ಹಾಕಿಕೊಂಡು ಓಡಾಡಿದರು. ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದೇ ಮಾತಾಡಿಸುತ್ತಿದ್ದ ಹುಡುಗಿ ನೀವು ಎಂದದ್ದು ಅವರ ಕಿವಿಗೆ ಬೀಳಲಿಲ್ಲ. ನನ್ನ ಕಿವಿಗೆ ಬಿತ್ತು.

ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ, ಊಟ ಬಿಡಲಿಲ್ಲ. ಮತ್ತೆ ಕಲ್ಲು ಮುಟ್ಟಲಿಲ್ಲ, ಅಷ್ಟೇ. ಉಳಿದ ಕಲ್ಲಿನ ಸಾಲುಗಳನ್ನು ಅವರೇ ಮುಗಿಸಿದರು, ತೊಲೆ ಏರಿತು, ಜಂತೆ ಕೂತಿತು, ನಾವು ಒಳಗೆ ಬಂದೆವು. ಬಾಗಿಲು ಆಗಿನ್ನೂ ಕೂರಿಸಿರಲಿಲ್ಲ, ಬರೀ ಚೌಕಟ್ಟು. ಮಗಳು ಕಾಲೇಜಿನಿಂದ ಬಂದರೆ ಆ ಚೌಕಟ್ಟಿನ ಮರವನ್ನು ಬೆರಳಿನಿಂದ ತಟ್ಟಿ, ಒಂದು ಕ್ಷಣ ನಿಂತು, ಆಮೇಲೆ ಒಳಗೆ ಬರುತ್ತಿದ್ದಳು. ತಮಾಷೆ ಎಂದುಕೊಂಡೆ. ತುಂಬ ದಿನ ತಮಾಷೆ ಎಂದೇ ಅಂದುಕೊಂಡೆ.

ಈಗ ಅವಳು ದೂರದ ಊರೊಂದರ ರೈಲು ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುತ್ತಾಳೆ. ವರ್ಷಕ್ಕೊಮ್ಮೆ ಬರುತ್ತಾಳೆ. ಬರುವಾಗ ಹಣ್ಣು ತರುತ್ತಾಳೆ. ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. "ಅಮ್ಮ, ಬಚ್ಚಲಿಗೆ ಹೋಗಿಬರಲಾ?" ಎಂದು ಕೇಳುತ್ತಾಳೆ. ಸಭಿಕರೇ, ನಿಮ್ಮ ಮಗಳು ನಿಮ್ಮನ್ನು ಹಾಗೆ ಕೇಳಿದರೆ ನೀವು ಏನು ಹೇಳುತ್ತೀರಿ? 'ಹೋಗಮ್ಮ' ಎಂದೆ. ಈ ವರ್ಷ ಅವಳು ಬರಲಿಲ್ಲ.

ನನ್ನ ಬೆನ್ನ ಹಿಂದೆ ಪರದೆಯ ಮೇಲೆ ನಮ್ಮ ಮನೆಯ ಫೋಟೋ ಇದೆ. ಚಂದ ಇದೆ ಎಂದು ಎಲ್ಲರೂ ಹೇಳಿದಿರಿ. ಅದು ಪಶ್ಚಿಮದಿಂದ ತೆಗೆದದ್ದು. ಸಂಘದ ಫೋಟೋಗ್ರಾಫರ್ ಪೂರ್ವಕ್ಕೆ ಹೋಗಿದ್ದರು, ಅಲ್ಲಿ ಬಿರುಕು ಕಾಣುತ್ತದೆಂದು ಈ ಕಡೆಗೆ ಬಂದರು. ಬಿರುಕು ಕಿಟಕಿಯ ಮಟ್ಟದಲ್ಲಿ ಅಡ್ಡಕ್ಕೆ ಹೋಗಿದೆ, ಈ ಮೂಲೆಯಿಂದ ಆ ಮೂಲೆಗೆ. ಈಗ ಅದರಲ್ಲಿ ಕೈ ಹೋಗುತ್ತದೆ.

ಎಂಜಿನಿಯರ್ ಅವರು ಬಂದಾಗ ನಾವಿಬ್ಬರೂ ಜೊತೆಗಿದ್ದೆವು. ಸಣ್ಣ ಕಲ್ಲು ಕೆಳಗಿರುವುದರಿಂದ ಹೀಗಾಯಿತೇ ಎಂದು ನಮ್ಮ ಮನೆಯವರು ಕೇಳಿದರು. ಎಷ್ಟೋ ವರ್ಷಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಇರಬೇಕು. ಎಂಜಿನಿಯರ್ ಕೂತು, ಎದ್ದು, ಕೆರೆದು ನೋಡಿದರು.

"ಇಲ್ಲ ಸರ್, ಕೆಳಗಿನದು ಚೆನ್ನಾಗೇ ಇದೆ. ಸುಣ್ಣ ಅಲ್ವಾ, ಮೆತ್ತಗೆ ಕೂತ್ಕೊಂಡು ಕೂತ್ಕೊಂಡು ಸರಿಹೋಗ್ತಾ ಇತ್ತು. ಮೇಲೆ ಸಿಮೆಂಟ್ ಹಾಕಿದಾರೆ ಯಾರೋ. ಅದು ಕದಲಲ್ಲ, ಇದು ನಿಲ್ಲಲ್ಲ. ಎರಡೂ ಒಂದಕ್ಕೊಂದು ಹೊಂದ್ಲೇ ಇಲ್ಲ."

ಅವರು ಸಹಜವಾಗಿ ಹೇಳಿದರು, ಸಿಮೆಂಟ್ ಹಾಕಿದವರು ಎದುರಿಗೇ ಇದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ತಲೆಯಾಡಿಸಿದರು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಗಾರೆ ಹಾಕುವ ಕರಣೆ ತೊಳೆದರು. ಅದನ್ನು ಅಂದು ಬಳಸಿಯೇ ಇರಲಿಲ್ಲ. ತುಂಬ ಹೊತ್ತು ತೊಳೆದರು.

ಈಗ ಕೆಳಗಿನದನ್ನು ಉಳಿಸಿ ಮೇಲಿನದನ್ನು ಮಾತ್ರ ತೆಗೆಯಲು ಬರುವುದಿಲ್ಲವಂತೆ. ಸಿಮೆಂಟ್ ಕೀಳುವಾಗ ಪೆಟ್ಟು ಕೆಳಗೂ ಬೀಳುತ್ತದೆ, ಅದೂ ಸಡಿಲವಾಗುತ್ತದೆ. ತೆಗೆದರೆ ಪೂರ್ತಿ ತೆಗೆಯಬೇಕು. ಬಿಟ್ಟರೆ ಒಂದು ದಿನ ತಾನಾಗಿ ಬರುತ್ತದೆ. ಆ ಗೋಡೆಯ ಬುಡದಲ್ಲಿ ಅತ್ತೆಯ ಮಂಚವಿದೆ. ಬೇರೆ ಕಡೆ ಹಾಕಿಕೊಡುತ್ತೇವೆಂದರೆ ಕೇಳುವುದಿಲ್ಲ. "ಅದು ನಂಗೆ ಗೊತ್ತಿರೋ ಗೋಡೆ. ನನ್ನ ಮೇಲೆ ಬೀಳಲ್ಲ ಬಿಡೇ," ಎನ್ನುತ್ತಾರೆ. ಗೋಡೆಗೆ ಅದು ತಿಳಿಯುತ್ತದೆಯೇ?

ನಮ್ಮ ಮನೆಯವರನ್ನು ಕೇಳಿದೆ, ಏನು ಹೇಳಲಿ ಎಂದು. "ನೀನೇ ಹೋಗಿ ಬಾ. ನೀನು ಏನು ಹೇಳಿದ್ರೂ ಸರಿ," ಎಂದರು. ಆದ್ದರಿಂದಲೇ ಇಂದು ಅವರು ಬಂದಿಲ್ಲ. ಜ್ವರವೆಂದು ಕಾರ್ಯದರ್ಶಿಗಳಿಗೆ ಹೇಳಿದ್ದೆ. ಜ್ವರವಿಲ್ಲ.

ಮೊನ್ನೆ ಮಗಳಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಬಿರುಕು, ಎಂಜಿನಿಯರ್ ಹೇಳಿದ್ದು, ಕೆಳಗಿನದು ಚೆನ್ನಾಗಿ ನಿಂತಿದೆ ಎಂದದ್ದು. ಅದನ್ನು ಎರಡು ಸಲ ಹೇಳಿದೆ. ನಿನ್ನ ಗೋಡೆ ಕೆಡವಬಹುದಾ ಎಂದು ಕೇಳಿದೆ. ಹಿಂದೆ ಯಾವುದೋ ರೈಲಿನ ಪ್ರಕಟಣೆ ಆಗುತ್ತಿತ್ತು. ಅದು ಮುಗಿಯುವವರೆಗೆ ಕಾದು ಹೇಳಿದಳು.

"ಅದು ಅಪ್ಪನ ಗೋಡೆ ಅಲ್ವಾ ಅಮ್ಮ? ಅವರನ್ನೇ ಕೇಳು."

ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ತಪ್ಪಿ ಬಂದವರಿಗೆ ಸರಿಯಾದ ಕಿಟಕಿ ತೋರಿಸುವ ದನಿ. ದಿನಕ್ಕೆ ಎಷ್ಟೋ ಜನರ ಹತ್ತಿರ ಆ ದನಿಯಲ್ಲಿ ಮಾತಾಡುತ್ತಾಳೆ. ಅವಳ ಮಾತಿನಂತೆ ಮತ್ತೆ ನಮ್ಮ ಮನೆಯವರ ಹತ್ತಿರ ಹೋಗಲಿಲ್ಲ ನಾನು. ಅವರಿಗೆ ಇದನ್ನು ಹೇಳಿಯೂ ಇಲ್ಲ. ಇಷ್ಟು ಜನರಿಗೆ ಹೇಳಿಬಿಟ್ಟೆ.

ನಾನು ಗಾಜು ಉಜ್ಜುವವಳು ಎಂದೆನಲ್ಲ. ನಮ್ಮಲ್ಲಿ ಒಂದು ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೆ ಆ ಗಾಜು ಹೋಯಿತು. ಮತ್ತೆ ದಪ್ಪ ಮಾಡಲು ಬರುವುದಿಲ್ಲ. ಪಕ್ಕಕ್ಕೆ ಇಟ್ಟು ಇನ್ನೊಂದು ತೆಗೆದುಕೊಳ್ಳುತ್ತೇವೆ. ಇನ್ನೊಂದು ಇರುತ್ತದೆ, ಅದೇ ಆ ಕೆಲಸದ ನೆಮ್ಮದಿ.

ಅಧ್ಯಕ್ಷರು ಗಡಿಯಾರ ನೋಡಿದರು. ಸರಿ. ಮುಗಿಸುತ್ತೇನೆ.

ಆಗಲಿ. ಸೋಮವಾರ ಬನ್ನಿ. ಬುನಾದಿಯವರೆಗೆ ತೆಗೆಯಿರಿ. ಅತ್ತೆಯನ್ನು ಆ ಹೊತ್ತಿಗೆ ಹೇಗಾದರೂ ಮಾಡಿ ಎಬ್ಬಿಸುತ್ತೇನೆ. ಹೊಸ ಗೋಡೆಗೆ ಆ ಸಣ್ಣ ಕಲ್ಲುಗಳು ಬರುವುದಿಲ್ಲ, ಲಾರಿ ತಂದು ಯಾವುದೋ ರಸ್ತೆಗೆ ತುಂಬಲು ಒಯ್ಯುತ್ತೇವೆ ಎಂದು ಸಂಘದ ಮೇಸ್ತ್ರಿಗಳು ಹೇಳಿದ್ದಾರೆ. ಅದಕ್ಕೂ ಆಗಲಿ.

ನೀವು ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದೀರಿ, ನಾನು ಒಳ್ಳೆಯ ಮನಸ್ಸಿನಿಂದ ತೆಗೆದುಕೊಳ್ಳುತ್ತಿದ್ದೇನೆ. ಅದರಲ್ಲಿ ಯಾರೂ ಅನುಮಾನ ಪಡಬೇಡಿ. ಫಲಕಕ್ಕೆ, ಗೋಡೆಗೆ, ಇಷ್ಟು ಹೊತ್ತು ಕುಳಿತದ್ದಕ್ಕೆ ಸಂಘಕ್ಕೂ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.

ಮೈಕ್ ಒಂದು ನಿಮಿಷ ಇರಲಿ. ಇದು ಸಭೆಗೆ ಹೇಳುವ ಮಾತಲ್ಲ.

ಮಗಳೇ, ಲಾರಿ ಬರೋದ್ರೊಳಗೆ ನಿನ್ನ ಗೋಡೆಯದ್ದು ಒಂದು ಕಲ್ಲಾದ್ರೂ ನಿಂಗೆ ಅಂತ ತೆಗೆದಿಡ್ಲಾ, ಬೇಡ್ವಾ?